ಎಣಿಸಿಲ್ಲ, ಬಿಸಿ ಇದೆ

ಇಬ್ಬರೂ ಒಂದೇ ಕಾರಿನಲ್ಲಿ ಬಂದರು.
ಒಬ್ಬರೇ ಬರುವ ಹಾಗಿಲ್ಲವಂತೆ, ಒಪ್ಪಂದದಲ್ಲೇ ಬರೆದಿದೆ:
ಆಚೆ ದೇಶದವರು ಕಾಗದ ನೋಡಬಹುದು,
ಈಚೆಯವರು ಪಕ್ಕದಲ್ಲಿ ಕೂತಿರಬೇಕು,
ಕಾಗದ ಮಾತ್ರ ಹೊಸ್ತಿಲು ದಾಟಬಾರದು.
ದುರ್ಗಿಗುಡಿಯ ನಮ್ಮ ಆಫೀಸಿಗೆ ಲಿಫ್ಟ್ ಇಲ್ಲ.
ಮಾರ್ಗಿಟ್ ಮೇಡಂ ಮೆಟ್ಟಿಲು ಎಣಿಸುತ್ತಲೇ ಹತ್ತಿದರು,
ತುಟಿ ಅಲ್ಲಾಡುತ್ತಿದ್ದುದನ್ನು ನಾನು ನೋಡಿದೆ.
ಹಿಂದೆ ಬಿಷ್ಟ್ ಸಾಹೇಬರು, ದೆಹಲಿಯವರು, ಏದುಸಿರು.

ಪದ್ಮರಾಜಯ್ಯ ಸಾರ್ ಹೋಳಿಗೆ ತರಿಸಿದ್ದರು.
ಮುಟ್ಟಲಿಲ್ಲ. ಕಾಫಿಯನ್ನೂ ಮುಟ್ಟಲಿಲ್ಲ.
ನೀರು ಕೂಡ ಅವರದೇ, ಬ್ಯಾಗಿನೊಳಗಿಂದ.
ಏಪ್ರಿಲ್ ನಡು. ಫ್ಯಾನು ಸೆಕೆಯನ್ನೇ ಕಲಕುತ್ತಿತ್ತು.
ಹಾರುವ ಹಾಳೆಗಳ ಮೇಲೆ ಒಂದೊಂದು ಸ್ಟೇಪ್ಲರ್ ಇಟ್ಟೆ.

"ಇಷ್ಟು ದೂರ ಯಾಕೆ ಬರ್ತಾರೆ ಹೇಮಾಕ್ಷಿ,
ನಮ್ಮ ಮಾಚೇನಹಳ್ಳಿ ಫೌಂಡ್ರಿ ಲೆಕ್ಕ ನೋಡೋಕೆ?"
ಸಾರ್ ಹಿಂದಿನ ದಿನ ಕೇಳಿದ್ದು ನನ್ನನ್ನಲ್ಲ, ಗೋಡೆಯನ್ನು.
ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ
ಅನ್ನಬೇಕೆನಿಸಿತು. ಅವರ ದುಡ್ಡು ಬಂದು ಆರು ವರ್ಷವಾಯಿತು.
ಅಲ್ಲಿಯ ದೊಡ್ಡ ಆಡಿಟರು ನಮ್ಮ ಸಹಿ ನಂಬಿ ಸಹಿ ಹಾಕುತ್ತಾರೆ,
ಆ ಸಹಿ ನಂಬಿ ಯಾರೋ ರಿಟೈರಾದ ಮೇಷ್ಟ್ರು
ಚಳಿಯ ಊರೊಂದರಲ್ಲಿ ಷೇರು ಕೊಳ್ಳುತ್ತಾರೆ.
ನಾನು ಎಣಿಸಿದ್ದು ಬ್ರೇಕ್ ಡ್ರಮ್ಮು. ಅಷ್ಟೇ ನನಗೆ ಗೊತ್ತಿದ್ದುದು.

ಪ್ರಶ್ನೆ ಬರುತ್ತಿದ್ದುದು ಬಳಸುದಾರಿಯಲ್ಲಿ:
ಮೇಡಂ ಸಾಹೇಬರನ್ನು ಕೇಳುವುದು, ಸಾಹೇಬರು ಸಾರನ್ನು,
ಸಾರ್ ನನ್ನನ್ನು. ಉತ್ತರ ಅದೇ ದಾರಿಯಲ್ಲಿ ವಾಪಸ್,
ಹೋಗುತ್ತ ಹೋಗುತ್ತ ಇಸ್ತ್ರಿಯಾಗುತ್ತಿತ್ತು.
ನನ್ನ "ಗೊತ್ತಿಲ್ಲ ಸಾರ್" ಮೇಜಿನ ಆ ತುದಿ ಮುಟ್ಟುವಾಗ
"ಪರಿಶೀಲನೆಯಲ್ಲಿದೆ" ಆಗಿರುತ್ತಿತ್ತು.

ಎರಡನೇ ದಿನ, ಊಟದ ಹೊತ್ತು ಮೀರಿ, ನಲವತ್ತೊಂದನೇ ಹಾಳೆ.
ಮೂರನೇ ಅಂಗಳ: ಸಾವಿರದ ನೂರ ಎಂಬತ್ತನಾಲ್ಕು. ಇಂಕಿನಲ್ಲಿ.
ಪಕ್ಕದಲ್ಲಿ ಹಸಿರು ಟಿಕ್ಕು, ಗಿಣಿಮೂಗಿನ ಹಾಗೆ ಬಾಗಿದ್ದು, ಸಾರ್‌ದು.
ಮೇಡಂ ಹಾಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು,
ಅಂಗಡಿಯಲ್ಲಿ ಅಮ್ಮ ಸೀರೆಯ ನೇಯ್ಗೆ ನೋಡುವ ಹಾಗೆ.
ರಬ್ಬರು ಪೆನ್ಸಿಲನ್ನು ಒಯ್ದಿತ್ತು,
ಒತ್ತಿದ್ದನ್ನು ಒಯ್ದಿರಲಿಲ್ಲ.

ಬಿಷ್ಟ್ ಸಾಹೇಬರು ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು.
ಗುಂಡು ಗುಂಡು ಅಕ್ಷರ. ಅವರಿಗೂ ಅದು ಪರದೇಶ.
ಎರಡು ಸರ್ಕಾರದ ಮೊಹರು, ಹದಿನೇಳು ಪುಟದ ಒಪ್ಪಂದ,
ಕನ್ನಡ ಓದುವವರು ಬೇಕು ಅಂತ ಅದರಲ್ಲೆಲ್ಲೂ ಇರಲಿಲ್ಲ.
ಸಾರ್ ಫ್ಯಾನು ನೋಡುತ್ತಿದ್ದರು.

ಆ ಸಂಜೆ ನೆನಪಿದೆ. ಮಾರ್ಚ್ ಮೂವತ್ತೊಂದು.
ಮರಳಿನಿಂದ ಆಗಷ್ಟೇ ಕೊಡವಿ ರಾಶಿ ಹಾಕಿದ್ದರು.
"ಕೆಂಪು ಆರಿದೆ, ಕಾವು ಆರಿಲ್ಲ, ದೂರ ನಿಲ್ಲಮ್ಮ"
ಅಂದಿದ್ದರು ಶಿಫ್ಟಿನ ಫಯಾಜಣ್ಣ. ನಾನೋ,
ಎಣಿಸಬೇಕಲ್ಲ ಅಂತ ಒಂದನ್ನು ಮುಟ್ಟಿಯೇಬಿಟ್ಟೆ.
ಸುಟ್ಟ ಎಡಗೈ ಬೆರಳು ಬಾಯಲ್ಲಿ, ಬಲಗೈಯಲ್ಲಿ ಪೆನ್ಸಿಲು.
ಉರಿಗೆ ಒತ್ತಿ ಬರೆದೆ. ಅದಕ್ಕೇ ಅಷ್ಟು ಆಳ.

"ಓದಮ್ಮ," ಅಂದರು ಸಾಹೇಬರು, ನೇರ ನನಗೇ, ಹಿಂದಿಯಲ್ಲಿ.
ಈ ಸಲ ಬಳಸುದಾರಿ ಇರಲಿಲ್ಲ.
ಕೆಳಗೆ ಬೀದಿಯಲ್ಲಿ ಯಾರೋ ಶಟರ್ ಎಳೆದರು.
"ಎಣಿಸಿಲ್ಲ," ಅಂತ ಓದಿದೆ. "ಬಿಸಿ ಇದೆ. ನಾಳೆ ಬರಬೇಕು."

ನಾಳೆ ಹೋದೆಯಾ ಅಂತ ಯಾರೂ ಕೇಳಲಿಲ್ಲ.
ಹೋಗಿರಲಿಲ್ಲ. ಮರುವಾರ ಆ ಇಂಕು ಕಂಡಾಗ
ಸಾರ್ ಒಬ್ಬರೇ ಅಲ್ಲ ಸುಮ್ಮನಿದ್ದುದು.

ವರದಿ ಬಂದಿದ್ದು ದೀಪಾವಳಿ ಕಳೆದ ಮೇಲೆ.
ಊರಿನ ಹೆಸರಿಲ್ಲ, ಸಾರ್ ಹೆಸರಿಲ್ಲ, ನಾವು "ಸಂಸ್ಥೆ ಜಿ".
ನನ್ನ ಸಾಲು "ಭೌತಿಕ ಎಣಿಕೆಯಲ್ಲಿ ನ್ಯೂನತೆ" ಆಗಿ ತಣ್ಣಗೆ ಕೂತಿತ್ತು.

ಆ ದಿನ ಹೊರಡುವಾಗ ಮೇಡಂ ಕೊನೆಯ ಮೆಟ್ಟಿಲಲ್ಲಿ ತಿರುಗಿ
ಬೆರಳಿನಲ್ಲಿ ತೋರಿಸಿದರು: ಮೂವತ್ತೆಂಟು.
ನಾಲ್ಕು ವರ್ಷ ಹತ್ತಿದ್ದೇನೆ, ಎಣಿಸಿರಲಿಲ್ಲ.
ಕಾರು ಗಾಂಧಿ ಬಜಾರಿನ ಕಡೆ ತಿರುಗಿದ ಮೇಲೆ ಎಣಿಸುತ್ತ ಹತ್ತಿದೆ.
ಮೂವತ್ತೇಳು.
ಮತ್ತೆ ಕೆಳಗಿಳಿದೆ.